455 ಮತಗಳ ಆಚೆ ಈಚೆ: ದಾವಣಗೆರೆ ಲೋಕಸಭಾ ಕ್ಷೇತ್ರದ ಚುನಾವಣಾ ಚರಿತ್ರೆ

1998ರ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕದ 28 ಸ್ಥಾನಗಳ ಪೈಕಿ ಕಾಂಗ್ರೆಸ್ಸಿಗೆ ದಕ್ಕಿದ್ದು ಒಂಬತ್ತು. 2024ರಲ್ಲೂ ಒಂಬತ್ತೇ. ಎರಡು ಸಲವೂ ಆ ಒಂಬತ್ತರಲ್ಲಿ ದಾವಣಗೆರೆ ಇತ್ತು. ಮೊದಲ ಸಲ ಗೆದ್ದವರು ಶಾಮನೂರು ಶಿವಶಂಕರಪ್ಪ. ಎರಡನೆಯ ಸಲ ಅವರ ಸೊಸೆ ಪ್ರಭಾ ಮಲ್ಲಿಕಾರ್ಜುನ್. ಇದಕ್ಕಿಂತ ವಿಚಿತ್ರವಾದದ್ದು 1999ರ ಫಲಿತಾಂಶ. ರಾಜ್ಯದಲ್ಲಿ ಕಾಂಗ್ರೆಸ್ ಎದ್ದು ಕೂತು 18 ಸ್ಥಾನ ಬಾಚಿಕೊಂಡ ಆ ವರ್ಷ, ಬಿಜೆಪಿ ಉಳಿಸಿಕೊಂಡ ಏಳೇ ಸ್ಥಾನಗಳಲ್ಲಿ ದಾವಣಗೆರೆಯೂ ಒಂದು. ರಾಜ್ಯವೆಲ್ಲ ಒಂದು ಕಡೆ ವಾಲಿದಾಗ ಈ ಕ್ಷೇತ್ರ ಇನ್ನೊಂದು ಕಡೆ ನಿಂತದ್ದು ಹೀಗೆ ಮೂರು ಸಲವಾದರೂ ಉಂಟು.

ದಾವಣಗೆರೆಯ ರಾಜಕೀಯವೆಂದರೆ ಎರಡು ಮನೆತನಗಳ ಕಾದಾಟ ಎಂದು ಬರೆಯುವುದು ಪತ್ರಿಕೆಗಳಿಗೆ ರೂಢಿಯಾಗಿಬಿಟ್ಟಿದೆ. ಬೆಣ್ಣೆದೋಸೆಯನ್ನೂ ಶಾಮನೂರು–ಸಿದ್ದೇಶ್ವರ ಮನೆತನಗಳನ್ನೂ ಬಿಟ್ಟು ಇಲ್ಲಿನ ಚುನಾವಣಾ ವರದಿ ಬರೆದವರಿಲ್ಲ. ಅದರಲ್ಲಿ ಸುಳ್ಳೇನೂ ಇಲ್ಲ. ಆದರೆ ಆ ಕಥೆ 1996ಕ್ಕೆ ಮೊದಲು ಅನ್ವಯಿಸುವುದಿಲ್ಲ, ಅನ್ವಯಿಸುವ ಕಾಲದಲ್ಲೂ ಅರ್ಧವನ್ನಷ್ಟೇ ಹೇಳುತ್ತದೆ. ಗೆದ್ದವರ ಹೆಸರಿನ ಪಕ್ಕದಲ್ಲಿರುವ ಗೆಲುವಿನ ಅಂತರವನ್ನು ಓದಿದರೆ ಬೇರೆಯದೇ ಚಿತ್ರ ಕಾಣುತ್ತದೆ: ಯಾರಿಗೂ ಪೂರ್ತಿ ಒಲಿಯದ, ಸರಿಸುಮಾರು ಎರಡು ಹೋಳಾಗಿ ನಿಂತ ಕ್ಷೇತ್ರವಿದು.

ದಾವಣಗೆರೆ ಎಂಬ ಹೆಸರಿನ ಲೋಕಸಭಾ ಕ್ಷೇತ್ರ ಹುಟ್ಟಿದ್ದು 1977ರ ಚುನಾವಣೆಗೆ. ಅಲ್ಲಿಯವರೆಗೆ ದಾವಣಗೆರೆ, ಹರಿಹರ, ಜಗಳೂರಿನ ಮತದಾರರು ಚಿತ್ರದುರ್ಗದ ಸಂಸದನನ್ನು ಆರಿಸುತ್ತಿದ್ದರು. ಇಂದಿನ ಕ್ಷೇತ್ರದ ಹರಪನಹಳ್ಳಿಯ ಕಥೆಯಂತೂ ಇನ್ನೂ ದೂರದ್ದು. 1952ರ ಮೊದಲ ಮಹಾಚುನಾವಣೆಯ ಹೊತ್ತಿಗೆ ಅದು ಬಳ್ಳಾರಿ ಜಿಲ್ಲೆಯ ಜೊತೆ ಮದ್ರಾಸ್ ರಾಜ್ಯದಲ್ಲಿತ್ತು. ಮೈಸೂರಿಗೆ ಸೇರಿದ್ದು 1953ರಲ್ಲಿ. ಹರಿಹರವೋ ಹಳೆಯ ಮೈಸೂರು ಸಂಸ್ಥಾನದ ಬಡಗಣ ಅಂಚು, ತುಂಗಭದ್ರೆ ದಾಟಿದರೆ ಮುಂಬಯಿ ಪ್ರಾಂತ್ಯ. ಒಂದೇ ಸಂಸದನಿಗೆ ಈಗ ಮತ ಹಾಕುವ ಈ ಊರುಗಳು ಮೂರು ಆಡಳಿತಗಳು ಕೂಡುವ ಮೂಲೆಯಲ್ಲಿದ್ದವು.

ಚಿತ್ರದುರ್ಗದಿಂದ 1952ರಲ್ಲಿ ಲೋಕಸಭೆಗೆ ಹೋದವರು ಎಸ್. ನಿಜಲಿಂಗಪ್ಪ. ಅವರ ಹುಟ್ಟೂರು ಹಲುವಾಗಲು ಹರಪನಹಳ್ಳಿ ತಾಲ್ಲೂಕಿನದು. 1956ರಲ್ಲಿ ಅವರು ಏಕೀಕೃತ ರಾಜ್ಯದ ಮುಖ್ಯಮಂತ್ರಿಯಾದರು. ಮರುವರ್ಷದ ಚುನಾವಣೆಯಲ್ಲಿ, ಕಾಂಗ್ರೆಸ್ಸಿನ ಎದುರು ನಿಲ್ಲುವುದೇ ಸಾಹಸವಾಗಿದ್ದ ದಿನಗಳಲ್ಲಿ, ಅವರ ಸ್ವಂತ ಸೀಮೆಯಲ್ಲೇ ಕಾಂಗ್ರೆಸ್ ಸೋತಿತು. ಗೆದ್ದವರು ಪ್ರಜಾ ಸಮಾಜವಾದಿ ಪಕ್ಷದ ಜೆ. ಮಹಮ್ಮದ್ ಇಮಾಂ, ಬರದ ನಾಡು ಜಗಳೂರಿನವರು. 1962ರಲ್ಲಿ ಕಾಂಗ್ರೆಸ್ಸಿನ ಎಸ್. ವೀರಬಸಪ್ಪ ಕ್ಷೇತ್ರವನ್ನು ಮರಳಿ ಪಡೆದರು. 1967ರಲ್ಲಿ ಇಮಾಂ ಮತ್ತೆ ಬಂದರು, ಈ ಸಲ ಸ್ವತಂತ್ರ ಪಕ್ಷದಿಂದ. ಸಮಾಜವಾದಿಗಳ ಚೀಟಿಯಲ್ಲೂ ಬಲಪಂಥೀಯ ಅರ್ಥನೀತಿಯ ಪಕ್ಷದ ಚೀಟಿಯಲ್ಲೂ ಒಬ್ಬನೇ ಮನುಷ್ಯ ಗೆಲ್ಲಬಹುದಾಗಿತ್ತು. ಜನ ಪಕ್ಷಕ್ಕಿಂತ ಹೆಚ್ಚಾಗಿ ಮನುಷ್ಯನನ್ನು ನೋಡಿದ್ದರು. ಮುಸ್ಲಿಮರೊಬ್ಬರು ಮಧ್ಯ ಕರ್ನಾಟಕದ ಸಾಮಾನ್ಯ ಕ್ಷೇತ್ರದಿಂದ ಎರಡು ಸಲ, ಅದೂ ಆಳುವ ಪಕ್ಷವನ್ನು ಮಣಿಸಿ ಗೆದ್ದರು ಎಂಬುದನ್ನು ಇಂದಿನ ಜಾತಿ ಲೆಕ್ಕಾಚಾರದವರು ಒಮ್ಮೆ ನೆನೆಯಬೇಕು.

1969ರಲ್ಲಿ ಕಾಂಗ್ರೆಸ್ ಒಡೆದು, ನಿಜಲಿಂಗಪ್ಪ ಒಂದು ಕಡೆ, ಇಂದಿರಾ ಗಾಂಧಿ ಇನ್ನೊಂದು ಕಡೆ ಆದರು. 1971ರಲ್ಲಿ ಮೈಸೂರು ರಾಜ್ಯದ 27ಕ್ಕೆ 27 ಸ್ಥಾನವೂ ಇಂದಿರಾ ಪಾಲಾಯಿತು. ನಿಜಲಿಂಗಪ್ಪನವರ ಚಿತ್ರದುರ್ಗದಲ್ಲೂ ಗೆದ್ದದ್ದು ಇಂದಿರಾ ಪಕ್ಷದ ಕೊಂಡಜ್ಜಿ ಬಸಪ್ಪ. ಹರಿಹರದ ಬಳಿಯ ಕೊಂಡಜ್ಜಿಯ ಈ ಗಾಂಧಿವಾದಿ ಸ್ಕೌಟ್ಸ್ ಚಳವಳಿಯಲ್ಲೂ ದೊಡ್ಡ ಹೆಸರು. ಊರ ಕೆರೆಯ ದಂಡೆಯ ಸ್ಕೌಟ್ಸ್ ಶಿಬಿರಕ್ಕೆ ಹೋಗಿಬಂದ ಎಷ್ಟೋ ಜನರಿಗೆ ಅವರು ಸಂಸದರಾಗಿದ್ದರೆಂಬುದು ಗೊತ್ತಿರಲಾರದು. ಪುನರ್‌ವಿಂಗಡಣೆಯಾಗಿ ದಾವಣಗೆರೆ ಪ್ರತ್ಯೇಕ ಕ್ಷೇತ್ರವಾದಾಗ ಅದರ ಮೊದಲ ಸಂಸದರೂ ಅವರೇ ಆದರು. ತುರ್ತುಪರಿಸ್ಥಿತಿಯ ಸಿಟ್ಟಿಗೆ ಉತ್ತರ ಭಾರತದಲ್ಲಿ ಕಾಂಗ್ರೆಸ್ ಕೊಚ್ಚಿಹೋದ 1977ರಲ್ಲಿ ಕರ್ನಾಟಕ 28ರಲ್ಲಿ 26 ಸ್ಥಾನಗಳನ್ನು ಅದಕ್ಕೇ ಕೊಟ್ಟಿತ್ತು. 1980ರಲ್ಲಿ, ಹಿಂದೆ ಶಿವಮೊಗ್ಗದ ಸಂಸದರಾಗಿದ್ದ ಟಿ.ವಿ. ಚಂದ್ರಶೇಖರಪ್ಪ ಗೆದ್ದರು. 1984ರಿಂದ ಚನ್ನಯ್ಯ ಒಡೆಯರ್ ಅವರ ಕಾಲ. ಸತತ ಮೂರು ಗೆಲುವು, ಮೂರೂ ಕಾಂಗ್ರೆಸ್ಸಿನಿಂದ.

ಇದೇ ಕಾಲದಲ್ಲಿ ದಾವಣಗೆರೆ ನಗರ ವಿಧಾನಸಭೆಗೆ ಯಾರನ್ನು ಕಳಿಸುತ್ತಿತ್ತು ಎಂಬುದನ್ನು ಜೊತೆಗಿಟ್ಟು ನೋಡಬೇಕು. 1978, 1983, 1985 – ಮೂರೂ ಸಲ ಭಾರತ ಕಮ್ಯುನಿಸ್ಟ್ ಪಕ್ಷದ ಪಂಪಾಪತಿ. ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ಊರು ಅದು. ಹತ್ತಿ ಗಿರಣಿಗಳ ಸೈರನ್ನಿಗೆ ಏಳುತ್ತಿದ್ದ ಕಾರ್ಮಿಕರ ಕೇರಿಗಳಿಗೆ ತಮ್ಮದೇ ನಾಯಕನಿದ್ದ. ಹದಿನೈದು ಕಿಲೋಮೀಟರಿನಾಚೆ ಹರಿಹರದಲ್ಲಿ, 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇತ್ ಯಂತ್ರಗಳನ್ನು ಮಾಡುತ್ತಿತ್ತು. ಹೊಳೆಯಾಚೆ ಕುಮಾರಪಟ್ಟಣದಲ್ಲಿ ಪಾಲಿಫೈಬರ್ಸ್. 1984ರ ಡಿಸೆಂಬರಿನಲ್ಲಿ ಕ್ಷೇತ್ರ ಕಾಂಗ್ರೆಸ್ ಸಂಸದನನ್ನು ಆರಿಸಿತು. ಮೂರು ತಿಂಗಳೊಳಗೆ, 1985ರ ಮಾರ್ಚ್‌ನಲ್ಲಿ, ನಗರ ಕುಡುಗೋಲು–ತೆನೆಯ ಗುರುತಿನವರನ್ನು ಶಾಸಕರನ್ನಾಗಿ ಮಾಡಿತು. ದಿಲ್ಲಿಗೊಂದು ಲೆಕ್ಕ, ಬೆಂಗಳೂರಿಗೊಂದು ಲೆಕ್ಕ ಎಂಬ ಜಾಣ್ಮೆ ಈಗ ಹುಟ್ಟಿದ್ದಲ್ಲ. 1989ರಲ್ಲಿ ನಗರದಲ್ಲಿ ಕಾಂಗ್ರೆಸ್ಸಿನ ಯಜಮಾನ ಮೋತಿ ವೀರಣ್ಣ ಗೆದ್ದರು, ಕೆಂಬಾವುಟ ಹಿಂದೆ ಸರಿಯಿತು. ಮುಂದೆ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು, ಶತಮಾನದ ತಿರುವಿನಲ್ಲಿ ಕಿರ್ಲೋಸ್ಕರ್ ಕೂಡ. ನನ್ನ ತಿಳಿವಳಿಕೆಯಲ್ಲಿ, ಎರಡು ಮನೆತನಗಳ ರಾಜಕೀಯ ಬೇರೂರಿದ್ದು ಯೂನಿಯನ್ನುಗಳು ತೆರವು ಮಾಡಿದ ಜಾಗದಲ್ಲಿ. ಗಿರಣಿಯ ಊರು ಕಾಲೇಜಿನ ಊರಾಯಿತು. ಒಂದು ಕಡೆ ಶಾಮನೂರು ಮನೆಯವರ ಬಾಪೂಜಿ ವಿದ್ಯಾಸಂಸ್ಥೆಯ ಕಾಲೇಜು, ಆಸ್ಪತ್ರೆಗಳು, ಇನ್ನೊಂದು ಕಡೆ ಸಿದ್ದೇಶ್ವರ ಮನೆಯವರ ಜಿ.ಎಂ. ತಾಂತ್ರಿಕ ಕಾಲೇಜು. ನೌಕರಿ, ಸೀಟು, ಚಿಕಿತ್ಸೆಗಾಗಿ ಜನ ಹೋಗಿ ನಿಲ್ಲುವ ಬಾಗಿಲುಗಳು ಬದಲಾದವು.

ಈ ಚರಿತ್ರೆಯ ತಿರುವು ಮಾತ್ರ 1990–91ರಲ್ಲಿದೆ. 1989ರಲ್ಲಿ ವೀರೇಂದ್ರ ಪಾಟೀಲರ ನಾಯಕತ್ವದಲ್ಲಿ ಕಾಂಗ್ರೆಸ್ 224ರಲ್ಲಿ 178 ಶಾಸಕರನ್ನು ಗೆಲ್ಲಿಸಿಕೊಂಡಿತ್ತು. ಮರುವರ್ಷ ರಥಯಾತ್ರೆಯ ದಿನಗಳಲ್ಲಿ ದಾವಣಗೆರೆ, ಚನ್ನಪಟ್ಟಣಗಳಲ್ಲಿ ಕೋಮು ಗಲಭೆಯಾಯಿತು. ಪಾಟೀಲರು ಆಗ ಕಾಯಿಲೆಯಲ್ಲಿದ್ದರು. ಗಲಭೆಯ ಬೆನ್ನಿಗೇ ರಾಜೀವ್ ಗಾಂಧಿ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ನಿಂತು ಮುಖ್ಯಮಂತ್ರಿಯನ್ನು ಬದಲಿಸುವುದಾಗಿ ಹೇಳಿದರು. ಲಿಂಗಾಯತರು ಕಾಂಗ್ರೆಸ್ಸಿನಿಂದ ದೂರವಾಗತೊಡಗಿದ್ದು ಆ ಘಳಿಗೆಯಿಂದ ಎಂದು ರಾಜ್ಯ ರಾಜಕೀಯವನ್ನು ಬಲ್ಲವರೆಲ್ಲ ಹೇಳುತ್ತಾರೆ. ದಾವಣಗೆರೆ ಆ ಘಟನೆಯ ಒಂದು ನೆಲೆಯೂ ಹೌದು, ಅದರ ಫಲ ಮೊದಲು ಕಂಡ ಕ್ಷೇತ್ರಗಳಲ್ಲಿ ಒಂದೂ ಹೌದು. 1991ರ ಎಣಿಕೆಯಲ್ಲಿ ಚನ್ನಯ್ಯ ಒಡೆಯರ್ ಬಿಜೆಪಿಯ ಎಸ್.ಎ. ರವೀಂದ್ರನಾಥ್ ಅವರಿಗಿಂತ ಮುಂದಿದ್ದದ್ದು ಬರೀ 455 ಮತಗಳಿಂದ. ಕ್ಷೇತ್ರದ ಮಟ್ಟಿಗೆ ಅದು ಕೂದಲೆಳೆ. ಆ ವರ್ಷ ರಾಜ್ಯದಲ್ಲಿ ಬಿಜೆಪಿ ಗೆದ್ದದ್ದು ನಾಲ್ಕೇ ಸ್ಥಾನ. ಐದನೆಯದು ಇಲ್ಲಿ ಕೈತಪ್ಪಿತ್ತು. ರವೀಂದ್ರನಾಥ್ ಮುಂದೆ ಮಾಯಕೊಂಡ, ಆಮೇಲೆ ದಾವಣಗೆರೆ ಉತ್ತರದಿಂದ ಶಾಸಕರಾದರು, ಮಂತ್ರಿಯಾದರು. ಲೋಕಸಭೆ ಮಾತ್ರ ಅವರಿಗೆ ದಕ್ಕಲಿಲ್ಲ.

ಅವರು ಉತ್ತ ಹೊಲದ ಬೆಳೆ 1996ರಲ್ಲಿ ಭೀಮಸಮುದ್ರದ ಅಡಿಕೆ ವ್ಯಾಪಾರಿ ಜಿ. ಮಲ್ಲಿಕಾರ್ಜುನಪ್ಪನವರಿಗೆ ಸಿಕ್ಕಿತು. ಅಲ್ಲಿಂದ 2019ರವರೆಗಿನ ಏಳು ಚುನಾವಣೆಗಳಲ್ಲಿ ಆರನ್ನು ಒಂದೇ ಮನೆ ಗೆದ್ದಿತು: ತಂದೆ ಎರಡು, ಮಗ ಜಿ.ಎಂ. ಸಿದ್ದೇಶ್ವರ ನಾಲ್ಕು. ನಡುವೆ 1998ರದೊಂದೇ ಶಿವಶಂಕರಪ್ಪನವರದು. ಪಟ್ಟಿಯನ್ನಷ್ಟೇ ನೋಡಿದರೆ ಇದನ್ನು ಬಿಜೆಪಿಯ ಭದ್ರಕೋಟೆ ಎನ್ನಬಹುದು, ಎಲ್ಲರೂ ಹಾಗೆಯೇ ಎಂದರು. ಅಂತರ ಬೇರೆ ಮಾತು ಹೇಳುತ್ತದೆ. 2009ರಲ್ಲಿ ಶಿವಶಂಕರಪ್ಪನವರ ಮಗ ಎಸ್.ಎಸ್. ಮಲ್ಲಿಕಾರ್ಜುನ್ ಸೋತದ್ದು 2,024 ಮತಗಳಿಂದ. ರಾಜ್ಯದಲ್ಲಿ ಬಿಜೆಪಿ 19 ಸ್ಥಾನ ಗೆದ್ದ ವರ್ಷ ಅದು. 2014ರ ಮೋದಿ ಅಲೆಯಲ್ಲೂ ಅಂತರ 17,607. ಜೆಡಿಎಸ್‌ನಿಂದ ನಿಂತಿದ್ದ ಮಹಿಮ ಪಟೇಲರು ಪಡೆದ ಮತ ಅದಕ್ಕಿಂತ ಹೆಚ್ಚು. ಮಲ್ಲಿಕಾರ್ಜುನ್ 2004, 2009, 2014 ಹೀಗೆ ಮೂರು ಸಲ ಸೋತರು. ಆದರೂ 2013ರ ವಿಧಾನಸಭಾ ಚುನಾವಣೆಯಲ್ಲಿ ದಾವಣಗೆರೆ ಉತ್ತರ ಅವರನ್ನು ಗೆಲ್ಲಿಸಿತ್ತು. ದೊಡ್ಡ ಗೆಲುವು ಎನ್ನಬಹುದಾದದ್ದು 2019ರದು ಮಾತ್ರ: 1,69,702. ಆ ಸಲ ಕಾಂಗ್ರೆಸ್ ಟಿಕೆಟ್ಟನ್ನು ಶಾಮನೂರು ಮನೆ ಬೇಡವೆಂದು, ಕೊನೆಗೆ ಎಚ್.ಬಿ. ಮಂಜಪ್ಪ ಕಣಕ್ಕಿಳಿದಿದ್ದರು. ಸಿದ್ದೇಶ್ವರ 2014ರಲ್ಲಿ ಕೆಲವು ತಿಂಗಳು ಕೇಂದ್ರದ ನಾಗರಿಕ ವಿಮಾನಯಾನ ರಾಜ್ಯ ಸಚಿವರೂ ಆಗಿದ್ದರು. ದಾವಣಗೆರೆಗೆ ವಿಮಾನ ಇಳಿಯುವುದು ಇನ್ನೂ ಬಾಕಿ ಇದೆ.

ಕ್ಷೇತ್ರದ ನಕ್ಷೆಯೂ ಇದ್ದಂತೆಯೇ ಇರಲಿಲ್ಲ. 1997ರ ಆಗಸ್ಟ್ 15ರಂದು ಮುಖ್ಯಮಂತ್ರಿ ಜೆ.ಎಚ್. ಪಟೇಲರು ದಾವಣಗೆರೆಯನ್ನು ಜಿಲ್ಲೆ ಮಾಡಿದರು. ಶಿವಮೊಗ್ಗದಿಂದ ಅವರದೇ ಚನ್ನಗಿರಿ ಮತ್ತು ಹೊನ್ನಾಳಿ, ಬಳ್ಳಾರಿಯಿಂದ ಹರಪನಹಳ್ಳಿ ಬಂದವು. 2008ರ ಪುನರ್‌ವಿಂಗಡಣೆ ನಗರವನ್ನು ಉತ್ತರ, ದಕ್ಷಿಣ ಎಂದು ಸೀಳಿತು, ಮಾಯಕೊಂಡವನ್ನು ಪರಿಶಿಷ್ಟ ಜಾತಿಗೆ ಮೀಸಲಿಟ್ಟಿತು. ಈಗಿನ ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ಜಗಳೂರಿನ ಕೆರೆ ತುಂಬಿಸುವ ಮಾತು ಬೇರೆ, ಚನ್ನಗಿರಿಯ ಅಡಿಕೆ ದರದ ಮಾತು ಬೇರೆ, ಭದ್ರಾ ನಾಲೆಯ ಕೊನೆಭಾಗದಲ್ಲಿ ನೀರಿಗೆ ಕಾಯುವ ಹರಿಹರ, ಮಲೇಬೆನ್ನೂರಿನ ಭತ್ತದ ರೈತರ ಮಾತು ಬೇರೆ.

ಈ ಎಂಟರಲ್ಲಿ ಹರಿಹರದಷ್ಟು ಚಂಚಲವಾದದ್ದು ಇನ್ನೊಂದಿಲ್ಲ ಎನಿಸುತ್ತದೆ. 2008ರಲ್ಲಿ ಬಿಜೆಪಿಯ ಬಿ.ಪಿ. ಹರೀಶ್, 2013ರಲ್ಲಿ ಜೆಡಿಎಸ್‌ನ ಎಚ್.ಎಸ್. ಶಿವಶಂಕರ್, 2018ರಲ್ಲಿ ಕಾಂಗ್ರೆಸ್ಸಿನ ಎಸ್. ರಾಮಪ್ಪ, 2023ರಲ್ಲಿ ಮತ್ತೆ ಹರೀಶ್. ನಾಲ್ಕು ಚುನಾವಣೆ, ಒಂದು ಪಕ್ಷವೂ ಮರುಆಯ್ಕೆಯಾಗಲಿಲ್ಲ. ತಾಲ್ಲೂಕಿನಲ್ಲಿ ಪಂಚಮಸಾಲಿ ಪೀಠವಿದೆ, ರಾಜನಹಳ್ಳಿಯಲ್ಲಿ ವಾಲ್ಮೀಕಿ ಗುರುಪೀಠ, ಬೆಳ್ಳೂಡಿಯಲ್ಲಿ ಕನಕ ಗುರುಪೀಠದ ಶಾಖಾಮಠ. ಚುನಾವಣೆ ಬಂತೆಂದರೆ ಅಭ್ಯರ್ಥಿಗಳ ಕಾರುಗಳು ಈ ಮೂರೂ ಕಡೆ ನಿಲ್ಲುತ್ತವೆ; ಎಲ್ಲರಿಗೂ ಆಶೀರ್ವಾದ ಸಿಗುತ್ತದೆ, ಮತ ಎತ್ತ ಹೋಗುತ್ತದೆಂದು ಯಾರಿಗೂ ತಿಳಿಯುವುದಿಲ್ಲ. 2023ರಲ್ಲಿ ಹರಪನಹಳ್ಳಿಯಲ್ಲಿ ಪಕ್ಷೇತರ ಅಭ್ಯರ್ಥಿ ಲತಾ ಮಲ್ಲಿಕಾರ್ಜುನ್ ಗೆದ್ದರು, ಆರು ಕಡೆ ಕಾಂಗ್ರೆಸ್. ಬಿಜೆಪಿಗೆ ಉಳಿದದ್ದು ಹರಿಹರ ಒಂದೇ.

ಹೀಗಿರುವಾಗ 2024ರ ಫಲಿತಾಂಶ ಕಾಂಗ್ರೆಸ್ಸಿಗೆ ಸಲೀಸಾಗಬೇಕಿತ್ತು, ಆಗಲಿಲ್ಲ. ಬಿಜೆಪಿ ಸಿದ್ದೇಶ್ವರರ ಬದಲು ಅವರ ಪತ್ನಿ ಗಾಯತ್ರಿ ಸಿದ್ದೇಶ್ವರರಿಗೆ ಟಿಕೆಟ್ ಕೊಟ್ಟಿತು. ಪಕ್ಷದೊಳಗೇ ರವೀಂದ್ರನಾಥ್, ಹೊನ್ನಾಳಿಯ ರೇಣುಕಾಚಾರ್ಯ ಮುನಿಸಿಕೊಂಡರು. ಕಾಂಗ್ರೆಸ್ ದಂತವೈದ್ಯೆ ಪ್ರಭಾ ಮಲ್ಲಿಕಾರ್ಜುನ್ ಅವರನ್ನು ನಿಲ್ಲಿಸಿತು. ತೊಂಬತ್ತು ದಾಟಿದ್ದ ಶಿವಶಂಕರಪ್ಪ ಎದುರಾಳಿಯನ್ನು ಅಡುಗೆಮನೆಗೆ ಸೀಮಿತಗೊಳಿಸಿ ಆಡಿದ ಮಾತು ದೇಶದ ಸುದ್ದಿಯಾಯಿತು. ತಮ್ಮ ಸೊಸೆಯೂ ಅದೇ ಕಣದಲ್ಲಿದ್ದಾಳೆಂಬುದು ಆ ಹೊತ್ತಿಗೆ ಅವರಿಗೆ ನೆನಪಾಗಲಿಲ್ಲವೇನೋ. ಕೊನೆಗೆ ಪ್ರಭಾ 26,094 ಮತಗಳಿಂದ ಗೆದ್ದು ಕ್ಷೇತ್ರದ ಮೊದಲ ಮಹಿಳಾ ಸಂಸದೆಯಾದರು. ಕಾಂಗ್ರೆಸ್ ಟಿಕೆಟ್ ಸಿಗದೆ ಪಕ್ಷೇತರನಾಗಿ ನಿಂತು ಊರೂರು ಸುತ್ತಿದ ಜಿ.ಬಿ. ವಿನಯ್ ಕುಮಾರ್ ನಲವತ್ತು ಸಾವಿರಕ್ಕೂ ಹೆಚ್ಚು ಮತ ತೆಗೆದರು. ಅಂದರೆ 2014ರಂತೆಯೇ ಮೂರನೆಯವರ ಬುಟ್ಟಿ ಗೆಲುವಿನ ಅಂತರಕ್ಕಿಂತ ತುಂಬಿತ್ತು. ಎರಡು ಮನೆಗಳನ್ನೂ ಬೇಡವೆನ್ನುವವರು ಇಲ್ಲಿ ಇಷ್ಟು ಜನ ಇದ್ದಾರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಎಣಿಕೆ ಬೇರೆ ಬೇಡ.

ಇನ್ನೊಂದು ಪುನರ್‌ವಿಂಗಡಣೆ ಮುಂದಿದೆ, ಅದರ ಬೆನ್ನಿಗೆ ಮಹಿಳಾ ಮೀಸಲಾತಿಯೂ ಜಾರಿಗೆ ಬರಬೇಕು. ಹರಪನಹಳ್ಳಿ ಸಂವಿಧಾನದ 371ಜೆ ವಿಧಿಯ ವಿಶೇಷ ಸೌಲಭ್ಯಕ್ಕಾಗಿ 2018ರಲ್ಲಿ ಬಳ್ಳಾರಿ ಜಿಲ್ಲೆಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಯ ಪಾಲಾಯಿತು. ಆದರೂ ಲೋಕಸಭೆಗೆ ಮಾತ್ರ ದಾವಣಗೆರೆಯ ಜೊತೆಗೇ ಮತ ಹಾಕುತ್ತಿದೆ. ಅದು ಬಿಟ್ಟುಹೋದರೆ ಯಾವ ಊರು ಒಳಬರುತ್ತದೆ ಎಂಬುದರ ಮೇಲೆ ಮುಂದಿನ ಲೆಕ್ಕ ನಿಂತಿದೆ. ಎರಡು ಸಾವಿರ ಮತದಲ್ಲಿ ಸಂಸದ ಬದಲಾಗಬಹುದಾದ ಕಡೆ ಒಂದು ಹೋಬಳಿ ಆಚೀಚೆಯಾದರೂ ಸಾಕು.