ಮಾದರಿಯಿಲ್ಲದ ಮೊದಲ ಸ್ವೆಟರ್

ಮನೆಯ ಹಳೆಯ ಟ್ರಂಕಿನಲ್ಲಿ ಕೈಯಿಂದ ಹೆಣೆದ ಸ್ವೆಟರೊಂದು ನಿಮಗೆ ಸಿಕ್ಕಿರಬಹುದು. ಅದನ್ನು ಹೆಣೆದವರಿಗೆ ಅದರ ಲೆಕ್ಕ ತಿಳಿದದ್ದು ಹೇಗೆಂದು ಎಂದಾದರೂ ಯೋಚಿಸಿದ್ದೀರಾ?

1923ರಲ್ಲಿ ಭದ್ರಾವತಿಯಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣ ಕಾರ್ಖಾನೆಯ ಕುಲುಮೆ ಹೊತ್ತಿಕೊಂಡ ಬಳಿಕ ನಾನಾ ಕಡೆಗಳಿಂದ ಕುಟುಂಬಗಳು ಬಂದು ಅಲ್ಲಿ ನೆಲೆಸಿದವು. ನಮ್ಮದೂ ಅಂಥದೊಂದು ಕುಟುಂಬ. ತಂದೆಯವರು ರಾತ್ರಿ ಪಾಳಿ ಮುಗಿಸಿ, ಕುಲುಮೆಯ ಕಾವಿನಿಂದ ನೇರವಾಗಿ ಮಲೆನಾಡಿನ ಮುಂಜಾನೆಯ ಚಳಿಗೆ ಕಾಲಿಡುತ್ತಿದ್ದರು. ಅವರಿಗಾಗಿ ತಾಯಿಯವರು ಶಿವಮೊಗ್ಗದ ಗಾಂಧಿ ಬಜಾರಿನಿಂದ ಉಣ್ಣೆಯ ನೂಲನ್ನು ತಂದರು. ಅದುವರೆಗೆ ಅವರು ಹೆಣೆದದ್ದು ಮಫ್ಲರ್ ಮಾತ್ರ. ಮಾದರಿಯ ಪುಸ್ತಕ ಅವರ ಬಳಿ ಇರಲಿಲ್ಲ.

ಮೊದಲು ಅವರು ನಾಲ್ಕು ಅಂಗುಲದ ಒಂದು ತುಂಡನ್ನು ಹೆಣೆದು ಕುಣಿಕೆಗಳನ್ನು ಎಣಿಸಿದರು. 20 ಬಂದವು, ಅಂದರೆ ಅಂಗುಲಕ್ಕೆ 5. ತಂದೆಯವರ ಎದೆಯ ಸುತ್ತಳತೆ 36 ಅಂಗುಲ, ಸಡಿಲಕ್ಕೆ 4 ಅಂಗುಲ, ಒಟ್ಟು 40. ಹಾಗಾಗಿ ಮುಂಭಾಗಕ್ಕೆ 100 ಕುಣಿಕೆ, ಹಿಂಭಾಗಕ್ಕೆ 100. ತೋಳಿನ ಅಳತೆಯನ್ನು ಹಳೆಯ ಷರಟಿನಿಂದ ತೆಗೆದರು. ಕೊರಳಿಗೂ ಅದೇ ಷರಟಿನ ಕಾಲರನ್ನು ಅಳೆದರು: 15 ಅಂಗುಲ.

ಎಡವಿದ್ದು ಅಲ್ಲಿಯೇ. ಷರಟಿಗೆ ಗುಂಡಿಗಳಿವೆ, ಸ್ವೆಟರಿಗೆ ಇಲ್ಲ. ತಿಂಗಳುಗಟ್ಟಲೆ ಹೆಣೆದ ಉಡುಪು 22 ಅಂಗುಲದ ತಲೆಯ ಮೇಲೆ ಸಿಕ್ಕಿಕೊಂಡಿತು. ತಂದೆಯವರು ನಗಲಿಲ್ಲ. ತಾಯಿಯವರು ಅಂದು ಊಟ ಮಾಡದೆ ಮಲಗಿದರು.

ಮಾದರಿಯಿಲ್ಲದೆ ಹೆಣೆಯುವುದು ಅವರ ಅರಿಯದ ಸಾಹಸವೇನಲ್ಲ. ಇಂದು ಉಳಿದಿರುವ ಅತ್ಯಂತ ಹಳೆಯ ಹೆಣಿಗೆಗಳಲ್ಲಿ ಈಜಿಪ್ಟಿನ ಕಾಲುಚೀಲಗಳು ಸೇರಿವೆ. ಅವು ಸುಮಾರು 11ರಿಂದ 14ನೇ ಶತಮಾನದವು. ಜೇನ್ ಗೋಗೇನ್ ಎಂಬಾಕೆ ಎಡಿನ್‌ಬರೋದಲ್ಲಿ ಹೆಣಿಗೆಯ ಪುಸ್ತಕ ಅಚ್ಚು ಹಾಕಿಸಿದ್ದು 1840ರಲ್ಲಿ. ಅಂಥ ಪುಸ್ತಕಗಳು ಬರುವ ಮೊದಲು ಶತಮಾನಗಳ ಕಾಲ ಈ ವಿದ್ಯೆ ಒಬ್ಬರ ಕೈ ನೋಡಿ ಮತ್ತೊಬ್ಬರು ಕಲಿತು ಸಾಗಿತು. ನಮ್ಮ ನಾಡಿಗೂ ಉಣ್ಣೆ ಹೊಸತಲ್ಲ. ಚಿತ್ರದುರ್ಗ ಸೀಮೆಯ ಕುರುಬರು ಹುಣಸೆ ಬೀಜದ ಸರಿ ಹಚ್ಚಿ ಮಗ್ಗದಲ್ಲಿ ಕಂಬಳಿ ನೇಯುತ್ತ ಬಂದಿದ್ದಾರೆ. ಕಡ್ಡಿಗಳ ಹೆಣಿಗೆ ಬೇರೆಯೇ ವಿದ್ಯೆ. 19ನೇ ಶತಮಾನದ ಮಿಷನ್ ಶಾಲೆಗಳಲ್ಲಿ ಅದು ಹೆಣ್ಣುಮಕ್ಕಳಿಗೆ ಪಾಠವಾಗಿತ್ತು.

ಸುಮಾರು 1400ರಲ್ಲಿ ಜರ್ಮನಿಯ ಚಿತ್ರಕಾರ ಬರ್ಟ್ರಾಮ್ ರಚಿಸಿದ ಪೀಠಚಿತ್ರವೊಂದು ಈಗ ಹ್ಯಾಂಬರ್ಗಿನಲ್ಲಿದೆ. ಅದರಲ್ಲಿ ಮಾತೆ ಮರಿಯಮ್ಮನವರು ಕಡ್ಡಿಗಳನ್ನು ಹಿಡಿದು ಅಂಗಿಯೊಂದರ ಕೊರಳನ್ನು ಹೆಣೆಯುತ್ತಿದ್ದಾರೆ. ಬಳಿಯಲ್ಲಿ ಬಾಲಯೇಸು, ಎದುರಿಗೆ ಶಿಲುಬೆ, ಮೊಳೆ, ಮುಳ್ಳಿನ ಕಿರೀಟಗಳನ್ನು ಹೊತ್ತು ಬಂದ ದೇವದೂತರು. ಸಂತ ಯೊವಾನ್ನರ ಶುಭಸಂದೇಶದ 19ನೇ ಅಧ್ಯಾಯದಲ್ಲಿ ಬರುವ ಹೊಲಿಗೆಯಿಲ್ಲದ ಅಂಗಿಯನ್ನು ಇದು ನೆನಪಿಸುತ್ತದೆ. ಶುಭಸಂದೇಶ ಹೇಳುವುದು ನೇಯ್ದ ಅಂಗಿಯ ಮಾತು. ಹೆಣಿಗೆ ಚಿತ್ರಕಾರನ ಕಾಲದ್ದು. ಆದರೂ ಮುಂದೆ ಯಾರು ಯಾರೋ ಚೀಟಿ ಹಾಕಿ ಪಡೆಯಲಿರುವ ಉಡುಪಿಗೆ ತಾಯಿಯೊಬ್ಬಳು ಅಳತೆ ನೋಡುತ್ತಿರುವುದನ್ನು ಆತ ಕಂಡಿದ್ದ.

1971ರಲ್ಲಿ ಎಲಿಜಬೆತ್ ಜಿಮ್ಮರ್‌ಮನ್ ಎಂಬ ಲೇಖಕಿ ಈ ಲೆಕ್ಕವನ್ನು ಸರಳವಾಗಿ ಬರೆದಿಟ್ಟರು. ಎದೆಯ ಕುಣಿಕೆಗಳನ್ನು 100 ಪಾಲು ಎಂದುಕೊಂಡರೆ, ತೋಳಿನ ಮೇಲ್ಭಾಗಕ್ಕೆ ಸುಮಾರು 33, ಕೊರಳಿಗೆ ಸುಮಾರು 40 ಪಾಲು. ಕೊರಳಿನ ಕೊನೆಯ ಸಾಲನ್ನು ಮಾತ್ರ ಸಡಿಲವಾಗಿ ಮುಗಿಸಬೇಕು. ತಾಯಿಯವರು ಬಿಗಿಯಾಗಿ ಮುಗಿಸಿದ್ದರು.

ಮರುದಿನ ಅವರು ಕತ್ತರಿಯನ್ನು ಮುಟ್ಟಲಿಲ್ಲ. ಕೊರಳಿನಿಂದ ಹೆಗಲಿನವರೆಗೆ ನೂಲನ್ನು ಬಿಚ್ಚಿ, ಉಂಡೆ ಸುತ್ತಿ, ಅದೇ ನೂಲಿನಿಂದ ಮತ್ತೆ ಹೆಣೆದರು. ಈ ಸಲ ಸಾಲು ಸಾಲಿಗೂ ತಂದೆಯವರನ್ನು ಕರೆದು ತಲೆಗೆ ಹಿಡಿದು ನೋಡಿದರು. ಪಾಳಿ ಮುಗಿಸಿ ನಿದ್ದೆಗಣ್ಣಿನಲ್ಲಿ ಬಂದವರು ತಲೆ ಬಾಗಿಸಿ ಕುಳಿತಿರುತ್ತಿದ್ದರು.

ಓದುಗರೇ, ನಿಮ್ಮ ಮನೆಯಲ್ಲಿ ಕಡ್ಡಿ ಹಿಡಿಯಬಲ್ಲ ಹಿರಿಯರಿದ್ದರೆ ಈ ಚಳಿಗಾಲದಲ್ಲಿ ಮಕ್ಕಳನ್ನು ಅವರ ಬಳಿ ಕೂರಿಸಿರಿ. ಮೊದಲ ಸ್ವೆಟರ್ ಸರಿಯಾಗದಿದ್ದರೂ ಚಿಂತೆಯಿಲ್ಲ, ನೂಲು ಉಳಿದಿರುತ್ತದೆ.