ತೊಯ್ದ ಜೋಳ ಕಲಿಸಿದ ಪಾಠ



ಬಾದಾಮಿ, ಹುನಗುಂದದ ಕಡೆಗೆ ಜೋಳದ ರೊಟ್ಟಿಯೇ ಊಟದ ಜೀವಾಳ. ಆ ಜೋಳವೇ ಬೇನೆ ತಂದರೆ? 1995ರಲ್ಲಿ ನಮ್ಮ ದಖ್ಖನ್ ಪ್ರಸ್ಥಭೂಮಿಯಲ್ಲಿ ಹಾಗೆಯೇ ಆಯಿತು. ಅಕಾಲ ಮಳೆಗೆ ತೊಯ್ದ ಜೋಳಕ್ಕೂ ಗೋವಿನಜೋಳಕ್ಕೂ ಬೂಸರು ಬಂತು. ಅದನ್ನೇ ಉಂಡ 27 ಹಳ್ಳಿಗಳ ಜನರಲ್ಲಿ ಹೊಟ್ಟೆನೋವು, ಭೇದಿ ಕಾಣಿಸಿತು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ಆ ಮನೆಗಳ ಕಾಳನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿದರು. ಫ್ಯುಮೊನಿಸಿನ್ ಎಂಬ ಬೂಸರಿನ ವಿಷ ಸಿಕ್ಕಿತು. ಅಂಥ ಕಾಳು ತಿನ್ನಿಸಿದ ಕೋಳಿಮರಿಗಳಿಗೂ ಭೇದಿಯಾಯಿತು; ಕಾರಣ ಗೊತ್ತಾಯಿತು.

ಈ ವಿಷ ಕಣ್ಣಿಗೆ ಕಾಣದು. ಹಂಚಿನ ಕಾವಿಗೂ ಪೂರಾ ಹೋಗದು. ಪರೀಕ್ಷೆ ಅದನ್ನು ತೋರಿಸೀತು, ತೆಗೆಯಲಾರದು. ತಡೆಯುವವರು ನೀವೇ. ಹಲ್ಲಿಗೆ ಹಾಕಿದರೆ ಕಟ್ ಅನ್ನೋತನಕ ಕಾಳು ಒಣಗಿಸಿರಿ. ಬೂಸರು ಹತ್ತಿದ ತೆನಿ ರಾಶಿಗೆ ಕೂಡಿಸಬೇಡಿರಿ, ದನಕ್ಕೂ ಹಾಕಬೇಡಿರಿ.