ಮೃಗಯೆಯಲ್ಲಿ ಶರನಿರ್ಣಯ ಮತ್ತು ಗುಂಡಿನ ನಿರ್ಣಯ: ಚಾಮರಾಜನಗರ–ಗುಂಡ್ಲುಪೇಟೆ ಸೀಮೆಯ ಒಂದು ವಿಚಾರ

ಹಿಂದಿನ ಮೈಸೂರು ಸಂಸ್ಥಾನದ ದಕ್ಷಿಣದ ಅಂಚಿನಲ್ಲಿ, ಹಿಮವದ್ಗೋಪಾಲಸ್ವಾಮಿ ಬೆಟ್ಟದಿಂದ ಬಿಳಿಗಿರಿರಂಗನ ಬೆಟ್ಟದ ಕಡೆಗೆ ಹಬ್ಬಿರುವ ಅರಣ್ಯಸೀಮೆಯು ಮೃಗಸಮೃದ್ಧಿಗೆ ಹೆಸರಾದುದು. ಈ ಸೀಮೆಯ ಬೇಟೆಯೆಂದೊಡನೆ ಆನೆ ಹುಲಿಗಳೇ ನೆನಪಿಗೆ ಬರುವುವು. ಚುಕ್ಕೆಜಿಂಕೆ, ಕಡವೆ, ಕಾಡುಕುರಿಗಳ ಮಾತು ಹಿಂದೆ ಬೀಳುವುದು. ಆದರೆ ಯಾವ ಮೃಗಕ್ಕೆ ಯಾವ ಬಾಣ, ಯಾವ ಗುಂಡು ಎಂಬ ಪ್ರಶ್ನೆಯು ಜಿಂಕೆಯ ವಿಷಯದಲ್ಲಿಯೇ ಅತಿಸೂಕ್ಷ್ಮವಾಗಿರುವುದು. ಗಾಯಗೊಂಡ ಹುಲಿಯಿಂದ ಬೇಟೆಗಾರನಿಗೇ ಪ್ರಾಣಭಯವುಂಟು. ಗಾಯಗೊಂಡು ಓಡಿದ ಜಿಂಕೆಯಿಂದ ಯಾರಿಗೂ ಭಯವಿಲ್ಲ, ನೋವೆಲ್ಲವೂ ಅದರದೇ. ಆದಕಾರಣ ಹುಲಿಯ ವಿಷಯದಲ್ಲಿ ಆಯುಧನಿಯಮವನ್ನು ಭಯವು ಹುಟ್ಟಿಸಿದರೆ, ಜಿಂಕೆಯ ವಿಷಯದಲ್ಲಿ ಅದನ್ನು ವಿವೇಕವೊಂದೇ ಹುಟ್ಟಿಸಬೇಕಾಯಿತು. ಆ ವಿವೇಕವು ಎಲ್ಲಿಂದ ಹೊರಟು ಎಲ್ಲಿ ನಿಂತಿತೆಂಬುದೇ ಇಲ್ಲಿಯ ವಿಚಾರ.

ಮನುಸ್ಮೃತಿಯ ಏಳನೆಯ ಅಧ್ಯಾಯದಲ್ಲಿ ಕಾಮಜವಾದ ಹತ್ತು ವ್ಯಸನಗಳ ಗಣನೆಯು ಮೃಗಯೆಯಿಂದಲೇ ಆರಂಭವಾಗುವುದು. ಕೌಟಿಲ್ಯನಾದರೋ ಮೃಗಯೆಯಲ್ಲಿ ಗುಣವನ್ನೂ ಕಾಣುವನು: ದೇಹಕ್ಕೆ ವ್ಯಾಯಾಮವಾಗುವುದು, ನಿಂತ ಗುರಿ, ಚಲಿಸುವ ಗುರಿ ಎರಡರಲ್ಲಿಯೂ ಕೈ ಪಳಗುವುದು, ಭಯಕೋಪಗಳಲ್ಲಿ ಮೃಗಗಳ ಚಿತ್ತವು ಹೇಗಿರುವುದೆಂಬ ಜ್ಞಾನವುಂಟಾಗುವುದು. ಕಾಳಿದಾಸನ ಶಾಕುಂತಲದಲ್ಲಿ ಎರಡು ಪಕ್ಷಗಳೂ ಇವೆ. ಮೊದಲನೆಯ ಅಂಕದಲ್ಲಿ ತಪಸ್ವಿಯು ಆಶ್ರಮಮೃಗವನ್ನು ಹೊಡೆಯಬಾರದೆಂದು ದುಷ್ಯಂತನನ್ನು ತಡೆಯುವನು. ಎರಡನೆಯ ಅಂಕದಲ್ಲಿ ಸೇನಾಪತಿಯು ಮೃಗಯೆಯನ್ನು ಹೊಗಳುವನು. ಹೀಗೆ ಬೇಟೆಯು ದೋಷವೋ ಗುಣವೋ ಎಂಬ ವಿವಾದವು ತೀರದೆ ಉಳಿದಿದ್ದರೂ, ಹೊಡೆಯುವುದಾದರೆ ಹೇಗೆ ಹೊಡೆಯಬೇಕೆಂಬ ವಿಚಾರವು ಬೇರೆಯಾಗಿಯೇ ಬೆಳೆಯಿತು.

1363ರಲ್ಲಿ ಸಂಕಲಿತವಾದ ಶಾರ್ಙ್ಗಧರಪದ್ಧತಿಯ ಧನುರ್ವೇದಭಾಗದಲ್ಲಿ ಬಾಣದ ಅಲಗುಗಳು ಆಕಾರಭೇದದಿಂದ ಎಣಿಸಲ್ಪಟ್ಟಿವೆ. ಆರಾಮುಖ, ಕ್ಷುರಪ್ರ, ಅರ್ಧಚಂದ್ರ, ಸೂಚೀಮುಖ, ಭಲ್ಲ, ವತ್ಸದಂತ ಮುಂತಾದ ಈ ಅಲಗುಗಳಿಗೆ ಒಂದೊಂದಕ್ಕೂ ಒಂದೊಂದು ಕಾರ್ಯವುಂಟು: ಕವಚವನ್ನು ಭೇದಿಸಲು ಸೂಚೀಮುಖ, ತಲೆಯನ್ನು ಕತ್ತರಿಸಲು ಅರ್ಧಚಂದ್ರ, ಹೃದಯವನ್ನು ಭೇದಿಸಲು ಭಲ್ಲ. ಒಂದೇ ಬಿಲ್ಲು, ಒಂದೇ ಬಲ; ಆದರೂ ಅಲಗು ಬದಲಾದಂತೆ ಗಾಯವು ಬದಲಾಗುವುದೆಂಬ ತತ್ತ್ವವನ್ನು ನಮ್ಮ ಪೂರ್ವಿಕರು ಬಲ್ಲವರಾಗಿದ್ದರೆಂಬುದು ಇದರಿಂದ ಸ್ಪಷ್ಟ. ಮನುಸ್ಮೃತಿಯು ಯುದ್ಧದಲ್ಲಿ ಕರ್ಣಿ ಎಂಬ ಕೊಕ್ಕೆಯ ಬಾಣವನ್ನೂ, ವಿಷಲಿಪ್ತವಾದುದನ್ನೂ, ಬೆಂಕಿ ಹೊತ್ತಿಸಿದುದನ್ನೂ ನಿಷೇಧಿಸಿದೆ. ಕರ್ಣಿಯು ಹೊಕ್ಕ ಮೇಲೆ ಕೀಳಲು ಬಾರದೆ ಮಾಂಸವನ್ನು ಹರಿಯುವುದು. ನಿಷೇಧದ ಮೂಲವು ಈ ಯಾತನೆಯೇ.

ಕನ್ನಡನಾಡಿನಲ್ಲಿಯೇ, ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸದಲ್ಲಿ ಮೃಗಯಾವಿನೋದಕ್ಕೆ ಪ್ರತ್ಯೇಕ ಪ್ರಕರಣವುಂಟು. ನೀರಿನೆಡೆಗೆ ಬರುವ ಮೃಗವನ್ನು ಮರೆಯಲ್ಲಿದ್ದು ಹೊಡೆಯುವುದು, ಪಳಗಿಸಿದ ಜಿಂಕೆಯನ್ನು ಮುಂದಿಟ್ಟು ಕಾಡಿನ ಜಿಂಕೆಯನ್ನು ಸೆಳೆಯುವುದು ಮೊದಲಾದ ಕ್ರಮಗಳು ಅಲ್ಲಿವೆ. ಮೃಗವು ಸಮೀಪದಲ್ಲಿ ನಿಶ್ಚಲವಾಗಿ ನಿಲ್ಲುವುದರಿಂದ ಶರವು ತಪ್ಪದು ಎಂಬುದು ಈ ಕ್ರಮಗಳ ಲಾಭ. ಬಾಯಾರಿದ ಪ್ರಾಣಿಯ ಅವಶ್ಯಕತೆಯೇ ಅದಕ್ಕೆ ಬಲೆಯಾಗುವುದೆಂಬುದು ದೋಷ. ಈ ದೋಷವನ್ನು ಶಾಸನವು ಗಣಿಸಿದುದು ಬಹುಕಾಲದ ತರುವಾಯ.

ಬಿಲ್ಲಿನ ಸ್ಥಾನಕ್ಕೆ ಕೋವಿಯು ಬಂದ ಮೇಲೆಯೂ ಪ್ರಶ್ನೆಯು ಅದೇ ಆಗಿ ಉಳಿಯಿತು. ಹಳೆಯ ಬತ್ತಿಕೋವಿಯಲ್ಲಿ ಸೀಸದ ದುಂಡನೆಯ ಗುಂಡನ್ನಾಗಲಿ, ಹಿಡಿಯಷ್ಟು ಚರೆಯನ್ನಾಗಲಿ ತುಂಬಬಹುದಾಗಿತ್ತು. ಚರೆಯು ಚದರಿ ಹೋಗುವುದರಿಂದ ಗುರಿಯು ಸುಲಭ. ಆದರೆ ದೂರದ ಜಿಂಕೆಗೆ ಒಂದೆರಡು ಕಾಳು ತಗುಲಿ ಅದು ಪೊದೆಯಲ್ಲಿ ನರಳಿ ಸಾಯುವುದೂ ಅಷ್ಟೇ ಸುಲಭ. ಕೋವಿಯ ಬಾಯಳತೆಯನ್ನು ಒಂದು ಪೌಂಡು ಸೀಸದಿಂದ ಎಷ್ಟು ಗುಂಡುಗಳಾಗುವುವೆಂಬ ಲೆಕ್ಕದಿಂದ ಹೇಳುತ್ತಿದ್ದರು. ಅದರಂತೆ ಹನ್ನೆರಡರ ಕೋವಿಯ ಗುಂಡು ಸುಮಾರು 38 ಗ್ರಾಂ, ಎಂಟರದು 57 ಗ್ರಾಂ, ನಾಲ್ಕರದು 113 ಗ್ರಾಂ. 1874ರಲ್ಲಿ ಚಾಮರಾಜನಗರದ ಬಳಿ ಖೆಡ್ಡಾದಲ್ಲಿ ಆನೆಗಳನ್ನು ಹಿಡಿಸಿ ಖ್ಯಾತನಾದ ಸ್ಯಾಂಡರ್ಸನ್ ಎಂಬ ಅಧಿಕಾರಿಯು 1878ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ದೊಡ್ಡ ಮೃಗಗಳಿಗೆ ಭಾರವಾದ ಗುಂಡೇ ಬೇಕೆಂದು ವಾದಿಸಿರುವನು.

ಜಿಂಕೆಯಂತಹ ತೆಳುಚರ್ಮದ ಮೃಗಕ್ಕಾದರೋ ಬೇಕಾದುದು ಭಾರವೊಂದೇ ಅಲ್ಲ. ಕಠಿನವಾದ ಗುಂಡು ಸೂಜಿಯಂತೆ ತೂರಿ ಹೋದರೆ ಮೃಗವು ಬಹುದೂರ ಓಡಿ ಬೀಳುವುದು. ತುದಿಯು ಮೆತ್ತಗಿದ್ದು ಒಳಗೆ ಅರಳುವ ಗುಂಡು ಎದೆಗೂಡಿಗೆ ತಗುಲಿದರೆ ಬೇಗನೆ ಬೀಳುವುದು. ಇಲ್ಲೊಂದು ವಿರೋಧಾಭಾಸವುಂಟು. ಕಲ್ಕತ್ತೆಯ ಬಳಿಯ ದಮ್‌ದಮ್ ಕಾರ್ಖಾನೆಯಿಂದ ಹೆಸರು ಪಡೆದ, ಇಂತಹದೇ ಅರಳುವ ಗುಂಡನ್ನು 1899ರ ಹೇಗ್ ಸಮ್ಮೇಳನದ ಘೋಷಣೆಯು ಯುದ್ಧದಲ್ಲಿ ನಿಷೇಧಿಸಿತು. ಮನುಷ್ಯನಿಗೆ ಕ್ರೂರವೆನಿಸಿದುದು ಮೃಗಕ್ಕೆ ದಯೆಯೆನಿಸಿತು. ವಿಚಾರಿಸಿ ನೋಡಿದರೆ ವಿರೋಧವು ಪರಿಹಾರವಾಗುವುದು: ಯುದ್ಧದಲ್ಲಿ ಶತ್ರುವನ್ನು ಅಶಕ್ತನನ್ನಾಗಿ ಮಾಡಿದರೆ ಸಾಕು, ಗಾಯಗೊಂಡವನಿಗೆ ವೈದ್ಯನುಂಟು, ಅರಣ್ಯದಲ್ಲಿ ಗಾಯಗೊಂಡ ಜಿಂಕೆಗೆ ವೈದ್ಯನಿಲ್ಲ. ಕರ್ಣಿಯ ನಿಷೇಧಕ್ಕೂ ಮೆತ್ತನೆಯ ಗುಂಡಿನ ವಿಧಾನಕ್ಕೂ ಮೂಲವಾದ ತತ್ತ್ವವು ವ್ಯರ್ಥಯಾತನೆಯ ಪರಿಹಾರವೊಂದೇ.

ಕೈಕೋವಿ ಅಥವಾ ಪಿಸ್ತೂಲಿನ ಸ್ಥಾನವೂ ಇದರಿಂದಲೇ ನಿರ್ಣೀತವಾಗುವುದು. ಹತ್ತೊಂಬತ್ತನೆಯ ಶತಮಾನದ ಅಂಬಾರಿಯ ಪಿಸ್ತೂಲು ಆನೆಯ ಮೇಲೆ ಹಾರುವ ಹುಲಿಯಿಂದ ಆತ್ಮರಕ್ಷಣೆಗಾಗಿ ಇದ್ದುದೇ ಹೊರತು ಜಿಂಕೆಯ ಬೇಟೆಗಲ್ಲ. ಅಮೆರಿಕದಲ್ಲಿ 1955ರಲ್ಲಿ ಬಂದ .44 ಮ್ಯಾಗ್ನಮ್ ತೋಟಾದಿಂದ ಅಲ್ಲಿ ಪಿಸ್ತೂಲಿನ ಜಿಂಕೆಬೇಟೆಯು ರೂಢಿಗೊಂಡಿತು. ಅದರ ಸಾಮಾನ್ಯವಾದ ಗುಂಡು 240 ಗ್ರೇನ್, ಎಂದರೆ ಸುಮಾರು 15.5 ಗ್ರಾಂ; ಆದರೂ ಅದರ ಶಕ್ತಿಯು ಪ್ರಸಿದ್ಧವಾದ .30-06 ರೈಫಲಿನ ಸುಮಾರು ಮೂರನೆಯ ಒಂದು ಪಾಲು ಮಾತ್ರ. ವೇಗವು ಕಡಿಮೆಯಾದುದರಿಂದ ಬೇಗನೆ ಅರಳುವ ಹಗುರವಾದ ಗುಂಡು ಹೃದಯವನ್ನು ಮುಟ್ಟದೆ ನಿಲ್ಲಬಹುದು. ಆದಕಾರಣ ಅಲ್ಲಿಯ ಅನುಭವಿಗಳು ಆತ್ಮರಕ್ಷಣೆಯ ತೋಟಾವನ್ನು ಬಿಟ್ಟು ಆಳಕ್ಕೆ ಇಳಿಯುವ ಭಾರವಾದ ಗುಂಡನ್ನು ಆರಿಸುವರು. ಸಮೀಪದ ಗುರಿಗಲ್ಲದೆ ಹಾರಿಸರು.

ಶಾಸನಗಳ ಇತಿಹಾಸವು ಇದೇ ನ್ಯಾಯವನ್ನು ಅನುಸರಿಸಿದೆ. ಮೈಸೂರಿನಲ್ಲಿ ಮೃಗಮತ್ಸ್ಯಸಂರಕ್ಷಣೆಯ ರೆಗ್ಯುಲೇಷನ್ 1901ರಲ್ಲಿ ಬಂದಿತು. ಗುಂಡ್ಲುಪೇಟೆ ತಾಲ್ಲೂಕಿನ ಬಂಡೀಪುರದಲ್ಲಿ 1931ರಲ್ಲಿ ಸುಮಾರು 90 ಚದರ ಕಿಲೋಮೀಟರಿನ ಅಭಯಾರಣ್ಯವು ಏರ್ಪಟ್ಟು, 1941ರಲ್ಲಿ ಗೋಪಾಲಸ್ವಾಮಿಯ ಹೆಸರಿನಿಂದ ವೇಣುಗೋಪಾಲ ವನ್ಯಮೃಗೋದ್ಯಾನವಾಗಿ 800 ಚದರ ಕಿಲೋಮೀಟರಿಗೆ ಮಿಕ್ಕಿ ವಿಸ್ತರಿಸಿತು. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಮೂಲಪಾಠದಲ್ಲಿ ಚುಕ್ಕೆಜಿಂಕೆ, ಕಡವೆಗಳು ರಹದಾರಿಯಿಂದ ಬೇಟೆಯಾಡಬಹುದಾದ ದೊಡ್ಡ ಮೃಗಗಳ ಪಟ್ಟಿಯಲ್ಲಿದ್ದುವು. ಅದರ 17ನೆಯ ಪ್ರಕರಣದ ವಿಧಿಯು ಗಮನಾರ್ಹ: ಇಂತಹ ಮೃಗಗಳನ್ನು ರೈಫಲಿನಿಂದಲೇ ಹೊಡೆಯತಕ್ಕದ್ದು, ರಹದಾರಿಯಲ್ಲಿ ವಿಶೇಷಾನುಮತಿಯಿದ್ದರೆ ಮಾತ್ರ ಒಂಟಿಗುಂಡು ತುಂಬಿದ ಚರೆಕೋವಿ. ಚರೆಯೂ ಪಿಸ್ತೂಲೂ ಇದರಿಂದ ಹೊರಗುಳಿದುವು. ನೀರಿನೆಡೆಯಲ್ಲಿ, ಉಪ್ಪುನೆಲದಲ್ಲಿ, ರಾತ್ರಿಯಲ್ಲಿ ಹೊಡೆಯುವುದೂ ವರ್ಜ್ಯವಾಯಿತು. ಸೋಮೇಶ್ವರನು ವಿನೋದವೆಂದು ಬರೆದುದನ್ನು ಶಾಸನವು ಅಪರಾಧವೆಂದಿತು. 1991ರ ತಿದ್ದುಪಡಿಯು ಆ ಪ್ರಕರಣವನ್ನೇ ತೆಗೆದುಹಾಕಿ, ರಹದಾರಿಯ ಬೇಟೆಯನ್ನೇ ಕೊನೆಗಾಣಿಸಿತು.

ಪ್ರಾಣಹರಣವೇ ದೋಷವಾದಾಗ ಆಯುಧದ ಆಯ್ಕೆಯಲ್ಲಿ ದಯೆಯನ್ನು ಹುಡುಕುವುದು ಆತ್ಮವಂಚನೆಯಲ್ಲವೇ ಎಂಬ ಆಕ್ಷೇಪವು ಸಹಜ. ಇದಕ್ಕೆ ಇತಿಹಾಸವೇ ಸಮಾಧಾನವನ್ನು ಹೇಳುವುದು. ಈ ಅಲಗು ಬೇಡ, ಈ ಗುಂಡು ಬೇಡ, ಈ ಸ್ಥಳ ಬೇಡ, ಈ ಹೊತ್ತು ಬೇಡ ಎಂದು ಒಂದೊಂದನ್ನೇ ತಳ್ಳುತ್ತ ಬಂದ ಬುದ್ಧಿಯೇ ಕಡೆಗೆ ಬೇಟೆಯೇ ಬೇಡ ಎಂಬಲ್ಲಿ ನಿಂತಿತು. ಮೃಗದ ನೋವನ್ನು ಎಣಿಕೆಗೆ ತಂದವನು ಅರ್ಧದಾರಿಯಲ್ಲಿ ನಿಲ್ಲಲಾರನು. ತಪಸ್ವಿಯ ಮಾತಿಗೆ ದುಷ್ಯಂತನು ಹೂಡಿದ ಬಾಣವನ್ನು ಹಿಂದೆಗೆದನು. ಗೋಪಾಲಸ್ವಾಮಿ ಬೆಟ್ಟದ ತಪ್ಪಲಿಗೆ ಅದೇ ನಿರ್ಣಯವು ಶಾಸನದ ಮೂಲಕ ಬಂದಿತು.